ಭಾನುವಾರವೂ ತಿರುಗುವ ಹಲಗೆಗಳು

ಆ ವರ್ಷದ ಸೇಬಿನ ಕಾಲದಲ್ಲಿ ಸಲೋಮ ರೇಬರ್‌ಗೆ ಯಾರ ಮುಖ ಕಂಡರೂ ಮೈ ಉರಿಯುತ್ತಿತ್ತು. ಗಂಡ ಕಂಡರೆ ಗಂಡನ ಮೇಲೆ, ಬಿಷಪ್ ಕಂಡರೆ ಬಿಷಪ್ ಮೇಲೆ, ಯಾರೂ ಕಾಣದಿದ್ದರೆ ಅಂಗಳದ ಕೋಳಿಗಳ ಮೇಲೆ. ಹಾಗಂತ ಅವಳೇನು ಜಗಳಗಂಟಿಯಲ್ಲ. ಅವಳ ಜಾಗದಲ್ಲಿ ನೀವು ನಾವು ಇದ್ದಿದ್ದರೆ ಕೋಳಿಗಳನ್ನು ಬರೀ ಬೈದು ಬಿಡುತ್ತಿರಲಿಲ್ಲ.

ಅವಳ ಮಗಳು ಐವಾಗೆ ಹುಟ್ಟಿದಾಗಿನಿಂದ ಕಾಮಾಲೆ. ಬಂದು ವಾಸಿಯಾಗುವ ಕಾಮಾಲೆಯಲ್ಲ, ರಕ್ತದಲ್ಲಿ ಹಳದಿ ಕಟ್ಟುತ್ತಲೇ ಹೋಗುವ ಜಾತಿಯದು. ಓಹಾಯೋದ ಈ ಗುಡ್ಡಗಳ ನಡುವೆ ಹಳೇ ಪದ್ಧತಿ ಬಿಡದೆ ಬಾಳುವ ಆಮಿಶ್ ಕ್ರೈಸ್ತ ಮನೆತನಗಳಲ್ಲಿ ಎಲ್ಲೋ ಒಂದೊಂದು ಕಡೆ ಅದು ತಲೆಯೆತ್ತುತ್ತದೆ. ಅದಕ್ಕೆ ಔಷಧವೆಂದರೆ ಬೆಳಕು. ಪ್ರತಿ ರಾತ್ರಿ ಮಗು ಮೈಮೇಲೆ ಚಡ್ಡಿಯೊಂದನ್ನು ಬಿಟ್ಟು ಬೇರೇನೂ ಇಲ್ಲದೆ, ಬಲೆಯ ಮಂಚದ ಮೇಲೆ, ನೀಲಿ ದೀಪಗಳ ಕೆಳಗೆ ಮಲಗಬೇಕು. ದೀಪ ಒಂದೆರಡು ರಾತ್ರಿ ಕೈಕೊಟ್ಟರೆ ಕಣ್ಣಿನ ಬಿಳಿ ಹಳದಿಗೆ ತಿರುಗುತ್ತದೆ. ಹಾಗೇ ಬಿಟ್ಟರೆ ಹಳದಿ ಮಿದುಳಿಗೆ ಏರುತ್ತದೆ, ಏರಿದ್ದು ಇಳಿಯುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಮೋಡ ಕವಿದು ಕೂತಾಗ ಬ್ಯಾಟರಿ ಬೆಳಗಿನವರೆಗೆ ಬಾಳದೆ, ಡೀಸೆಲ್ ಜನರೇಟರ್ ಸರಿಯಾಗಿ ಹಿಮ ಬಿದ್ದ ದಿನವೇ ಕೆಟ್ಟು, ಐವಾ ಆಸ್ಪತ್ರೆ ಸೇರಿದ್ದಳು. ಡಾಕ್ಟರು ಸಲೋಮಳನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾಗಬಾರದು ಅಂದಿದ್ದರು. ಆ ಮಾತು ಅವಳ ಎದೆಯಲ್ಲಿ ಹಾಗೇ ಕೂತಿತ್ತು.

ಕರೆಂಟಿನ ತಂತಿ ನಮ್ಮವರ ಮನೆಗೆ ಬರುವುದಿಲ್ಲ, ಆ ಮಾತು ಬಿಡಿ. ಸೋಲಾರ್ ಪ್ಯಾನೆಲ್ಲಿಗೆ ಸಭೆಯ ಒಪ್ಪಿಗೆ ಇತ್ತು, ಆದರೆ ಮನೆಗೆ ಆರೇ ಆರು. ಪಕ್ಕದ ಸಭೆಯವನೊಬ್ಬ ಕೋಳಿಮನೆಯ ದೀಪಕ್ಕೆಂದು ಹಾಕಿಸಿದ ಪ್ಯಾನೆಲ್ಲುಗಳು ಮರಿ ಹಾಕುತ್ತಾ ಹೋಗಿ, ಕೊನೆಗೆ ಅವನ ಅಡುಗೆಮನೆಯಲ್ಲಿ ಫ್ರೀಜರ್ ಸಿಕ್ಕಿಬಿದ್ದಿತ್ತು. ಅವನು ಐಸ್‌ಕ್ರೀಮ್ ತಿಂದ ಪಾಪಕ್ಕೆ ಸಲೋಮಳ ಮಗಳಿಗೆ ಆರರ ಮೇಲೆ ಏಳನೆಯದಿಲ್ಲ.

ಹೆಚ್ಚು ಹಾಕುವಂತಿಲ್ಲ ಅಂದರೆ ಇರುವುದನ್ನೇ ತಿರುಗಿಸೋಣ ಅಂತ ಅವಳು ಹಟ ಹಿಡಿದಳು. ಪೇಟೆಯ ಸೋಲಾರ್ ಅಂಗಡಿಯ ಬ್ರೆಂಟ್, ನಮ್ಮವನಲ್ಲ, ಇಂಗ್ಲಿಷರವನು (ಹೊರಗಿನವರನ್ನೆಲ್ಲ ನಾವು ಕರೆಯುವುದು ಹಾಗೇ), ಒಳ್ಳೆಯ ಹುಡುಗ, ಮಾತು ಮಾತ್ರ ಜಾಸ್ತಿ. ಅವನು ಹುಲ್ಲುಗಾವಲಿನಲ್ಲಿ ಕಬ್ಬಿಣದ ಕಂಬ ನೆಟ್ಟು, ಆರೂ ಪ್ಯಾನೆಲ್ ಹಲಗೆಗಳನ್ನು ಅದರ ತಲೆಯ ಮೇಲೆ ಕೂರಿಸಿ, ಕೆಳಗೆ ಸಣ್ಣ ಮೋಟಾರು, ಗಡಿಯಾರದ ಪೆಟ್ಟಿಗೆ ಇಟ್ಟ. ಬೆಳಿಗ್ಗೆ ಪೂರ್ವಕ್ಕೆ ಮುಖ, ಸಂಜೆ ಪಶ್ಚಿಮಕ್ಕೆ. ಇಷ್ಟು ಹೊತ್ತಿಗೆ ಸೂರ್ಯ ಇಲ್ಲಿರುತ್ತಾನೆ ಎಂಬ ಲೆಕ್ಕ ಪೆಟ್ಟಿಗೆಯೊಳಗಿತ್ತು. ಮೊದಲ ವಾರ ಬ್ಯಾಟರಿಯ ಮುಳ್ಳು ಹಸಿರಿನ ತುದಿ ಮುಟ್ಟಿದ್ದು ನೋಡಿ ಸಲೋಮ ಬ್ರೆಂಟ್‌ಗೆ ಇಡೀ ಸೇಬಿನ ಪೈ ಕಟ್ಟಿಕೊಟ್ಟಳು.

ಎರಡನೇ ವಾರ ಮುಳ್ಳು ಹಸಿರು ಮುಟ್ಟಲಿಲ್ಲ. ಮೂರನೇ ವಾರವೂ ಇಲ್ಲ. ಆಕಾಶ ನೋಡಿದರೆ ತೊಳೆದಿಟ್ಟ ತಟ್ಟೆ, ಐವಾ ಕಣ್ಣು ನೋಡಿದರೆ ಹಳೇ ಬೆಣ್ಣೆ. ಸಲೋಮ ದಾರಿ ಬದಿಯ ಫೋನ್ ಗೂಡಿಗೆ ಓಡಿ ಬ್ರೆಂಟ್‌ನನ್ನು ಕರೆಸಿದಳು. ಅವನು ಪೆಟ್ಟಿಗೆ ತೆಗೆದವನೇ ತಲೆ ಮೇಲೆ ಕೈ ಇಟ್ಟುಕೊಂಡ.

"ಇದನ್ನ ಯಾರು ಮುಟ್ಟಿದ್ದು?"

"ನಾನೇ," ಅಂದ ಆಟ್ಲೀ. ಸಲೋಮಳ ಗಂಡ ಕುದುರೆಗಾಡಿ ಮಾಡುವವನು. ಗಾಡಿಯ ಚಕ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಅವನಿಗೆ ಊಟ ಸೇರುವುದಿಲ್ಲ. "ಗಡಿಯಾರ ಒಂದು ಗಂಟೆ ಮುಂದಿತ್ತು. ಸರಿ ಮಾಡ್ದೆ."

ಇಂಗ್ಲಿಷರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿಕೊಳ್ಳುತ್ತಾರೆ. ಅದು ಅವಸರದ ಹೊತ್ತು. ರೇಬರ್ ಮನೆಯಲ್ಲಿ ವರ್ಷವಿಡೀ ನಿಧಾನದ ಹೊತ್ತೇ, ದನಗಳಿಗೆ ಗೊತ್ತಿರುವ ಹೊತ್ತು.

"ಸರಿ ಮಾಡಿದ್ಯಾ? ಇದರೊಳಗಿನ ಲೆಕ್ಕ ಎಲ್ಲ ನಮ್ಮ ಗಂಟೆಗೆ ಬರೆದಿರೋದು ಕಣಯ್ಯಾ! ನೀನು ಗಡಿಯಾರ ಹಿಂದಕ್ಕೆ ಎಳೆದ್ರೆ ಪ್ಯಾನೆಲ್ಲೂ ಹಿಂದೆ ಬೀಳುತ್ತೆ. ಇಷ್ಟು ದಿನ ಅದು ಸೂರ್ಯ ಬಿಟ್ಟುಹೋದ ಜಾಗ ನೋಡ್ಕೊಂಡು ನಿಂತಿದೆ!"

"ತಪ್ಪು ಹೊತ್ತು ತೋರ್ಸೋ ಗಡಿಯಾರ ನನ್ನ ಹೊಲದಲ್ಲಿ ಯಾಕಿರ್ಬೇಕು?"

"ಅದು ಪೆಟ್ಟಿಗೆ ಒಳಗಿದೆ, ನೀನು ನೋಡ್ಬೇಕಾಗೇ ಇಲ್ಲ!"

"ಒಳಗಿದ್ರೂ ತಪ್ಪು ತಪ್ಪೇ."

ಸಲೋಮಳ ಪಿತ್ತ ನೆತ್ತಿಗೇರಿತು. "ನಿಮ್ಮಿಬ್ರನ್ನೂ ಆ ಕಂಬಕ್ಕೆ ಕಟ್ಟಿ ತಿರುಗಿಸ್ಬೇಕು. ಅವನು ಹೇಳಿಕೊಡ್ಲಿಲ್ಲ, ಇವನು ಕೇಳ್ಲಿಲ್ಲ. ಮಗು ಕಣ್ಣು ನೋಡಿದ್ದೀರಾ ಇಬ್ರೂ?"

ಕೊನೆಗೆ ಬ್ರೆಂಟ್ ಲೆಕ್ಕವನ್ನೇ ನಿಧಾನದ ಹೊತ್ತಿಗೆ ಬದಲಾಯಿಸಿಕೊಟ್ಟ. ಆಟ್ಲೀಗೆ ಸಮಾಧಾನವಾಯಿತು. ಮುಳ್ಳು ಮತ್ತೆ ಹಸಿರಿಗೆ ಬಂತು. ಸಲೋಮಳೂ ಉಸಿರು ಬಿಟ್ಟಳು. ಅಷ್ಟರಲ್ಲಿ, ಚರ್ಚಿನ ಕಟ್ಟಡವಿಲ್ಲದ ನಮ್ಮವರ ಭಾನುವಾರದ ಸಭೆಯನ್ನು ತಮ್ಮ ಮನೆಯಲ್ಲಿ ಕೂರಿಸುವ ಸರದಿ ಬಂತು.

ಆಟ್ಲೀಯ ಗಾಡಿಕೊಟ್ಟಿಗೆಯನ್ನು ಗುಡಿಸಿ ಬೆಂಚು ಹಾಕಿದ್ದರು. ಉಪದೇಶ ಮುಗಿದು ಎಲ್ಲರೂ ಮೊಣಕಾಲೂರಿ ಮೌನ ಪ್ರಾರ್ಥನೆಗೆ ಕೂತಿದ್ದರು. ಕೂಸುಗಳೂ ಸದ್ದು ನಿಲ್ಲಿಸಿದ ಹೊತ್ತು. ಹೊರಗೆ ಹುಲ್ಲುಗಾವಲಿನಲ್ಲಿ ಟಕ್ ಅಂತು, ಆಮೇಲೆ ಗುರ್ರ್‌ರ್ ಅಂತ ಉದ್ದಕ್ಕೆ ಎಳೆಯಿತು. ಕಟ್ಟಿಹಾಕಿದ್ದ ಕುದುರೆಗಳು ಕೆನೆದವು. ಕಿಟಕಿ ಪಕ್ಕದ ಹುಡುಗರ ಭುಜಗಳು ನಗು ತಡೆಯಲಾರದೆ ಕುಲುಕಿದವು. ಸಲೋಮ ಮುಖವನ್ನು ಬೆಂಚಿಗೆ ಒತ್ತಿಕೊಂಡಳು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಊಟಕ್ಕೆ ಬ್ರೆಡ್ಡು, ಕಡಲೆಬೀಜದ ಸಿಹಿ ಬೆಣ್ಣೆ, ಉಪ್ಪಿನ ಬೀಟ್‌ರೂಟು ಬಡಿಸುತ್ತಿದ್ದಾಗ ಮಾಟಿ ಅತ್ತೆ ಅವಳ ತೋಳು ಹಿಡಿದಳು. ಆಟ್ಲೀಯ ಸೋದರತ್ತೆ, ಗಂಡ ತೀರಿಹೋದ ಒಂಟಿ ಮುದುಕಿ, ರಸ್ತೆಯಾಚೆ ಮನೆ. ಊರಿನ ಯಾವ ವಿಷಯಕ್ಕೂ ಅವಳ ಮೂಗು ಉದ್ದ ಸಾಲದೆ ಹೋದದ್ದಿಲ್ಲ.

"ಪ್ರಾರ್ಥನೆ ಹೊತ್ತಲ್ಲಿ ಗುರ್ ಅಂದಿದ್ದು ನಿಮ್ಮನೆ ನಾಯೋ, ನಿಮ್ಮನೆ ಹಲಗೆಯೋ?"

"ಹಲಗೆ, ಮಾಟಿ ಅತ್ತೆ."

"ನಾಯಿ ಆಗಿದ್ರೆ ಗದರ್ಸಿ ಕೂರಿಸ್ಬಹುದಿತ್ತು. ಭಾನುವಾರ ನಾನು ಕುದುರೆಗೂ ಬಿಡುವು ಕೊಡ್ತೀನಮ್ಮ."

"ಹಾಗಾದ್ರೆ ಹೋದ ಸಲ ಸಭೆಗೆ ನಿಮ್ಮ ಗಾಡಿ ಎಳ್ಕೊಂಡು ಬಂದಿದ್ದು ಯಾರು, ಬೆಕ್ಕಾ?"

ಸುತ್ತಲಿನ ಹೆಂಗಸರು ಕಾಫಿ ಬಟ್ಟಲೊಳಗೆ ಮುಖ ಇಟ್ಟುಕೊಂಡರು. ಮಾಟಿ ಅತ್ತೆ ನಗಲಿಲ್ಲ. ಬಾಗಿಲ ಕಡೆ ತಿರುಗಿ, ತಮ್ಮಷ್ಟಕ್ಕೆ ತಾವು ವಾಲುತ್ತಿದ್ದ ಆ ಹಲಗೆಗಳನ್ನು ತುಂಬ ಹೊತ್ತು ನೋಡಿದಳು.

ಮಾರನೆಯ ದಿನ ಬಿಷಪ್ ರೋಮನ್ ಗಿಂಗರಿಚ್ ಬಂದರು. ಮೆತ್ತಗಿನ ಮನುಷ್ಯ. ಬೈದಿದ್ದರೆ ಸಲೋಮಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಟೋಪಿ ಕೈಯಲ್ಲಿ ಹಿಡಿದು, "ಭಾನುವಾರ ಒಂದು ದಿನ ನಿಲ್ಲಿಸಿಬಿಟ್ರೆ ಹೇಗಮ್ಮ?" ಅಂದರು.

"ಐವಾ ರಕ್ತಕ್ಕೆ ಭಾನುವಾರ ಗೊತ್ತಾಗಲ್ಲ, ರೋಮನ್. ಚಳಿಗಾಲದಲ್ಲಿ ಬಿಸಿಲು ಬರೋದೇ ವಾರಕ್ಕೆ ಎರಡು ದಿನ. ಅದು ಭಾನುವಾರನೇ ಬಂದ್ರೆ ನಾಳೆ ಬಾ ಅಂತ ಕಳಿಸ್ಲಾ?"

"ನನಗೆ ಅರ್ಥ ಆಗುತ್ತೆ..."

"ನಿಮಗೆ ಅರ್ಥ ಆದ್ರೆ ಬ್ಯಾಟರಿ ತುಂಬಲ್ಲ."

ರೋಮನ್ ಟೋಪಿಯ ಅಂಚು ಸವರಿದರು. "ಸರಿ. ಒಪ್ಪಂದದ ಸಭೆ ಬರ್ತಾ ಇದೆ. ಎಲ್ಲರ ಮುಂದೆ ಇಡ್ತೀನಿ. ಎಲ್ರೂ ಒಪ್ಪಿದ್ರೆ ಅದು ಭಾನುವಾರನೂ ತಿರುಗ್ಲಿ. ಒಬ್ರು ಬೇಡ ಅಂದ್ರೂ ನನ್ನ ಕೈಯಲ್ಲಿಲ್ಲ. ಅಲ್ಲಿವರೆಗೆ ಎಲ್ಲಾ ದಿನಾನೂ ದಕ್ಷಿಣಕ್ಕೆ ಮುಖ ಮಾಡಿ ಕಟ್ಟಿಹಾಕಿ."

ಎಲ್ಲರೂ ಒಟ್ಟಾಗಿ ರೊಟ್ಟಿ ಮುರಿದು ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮುಂಚಿನ ಆ ಸಭೆಯಲ್ಲಿ ಗಂಡಸು ಹೆಂಗಸು ಅನ್ನದೆ ಒಬ್ಬೊಬ್ಬರೂ ಒಪ್ಪಿಗೆ ಹೇಳಬೇಕು. ಒಬ್ಬರ ಮನಸ್ಸಿನಲ್ಲಿ ಮುಳ್ಳಿದ್ದರೂ ರೊಟ್ಟಿ ಮುರಿಯುವಂತಿಲ್ಲ, ಎಲ್ಲ ಮುಂದಕ್ಕೆ ಹೋಗುತ್ತದೆ. ಸಲೋಮ ಮಧ್ಯೆ ಸಿಕ್ಕ ದಿನಗಳಲ್ಲಿ ಮನೆಮನೆಗೆ ಹೋಗಿ ಬಂದಳು. ಎಲ್ಲರೂ ಐವಾ ಹೆಸರು ಕೇಳಿದ ಕೂಡಲೇ ತಲೆಯಾಡಿಸಿದರು, ಕೆಲವರು ಕಣ್ಣು ಒರೆಸಿಕೊಂಡರು. ಮಾಟಿ ಅತ್ತೆಯ ಮನೆಗೆ ಮಾತ್ರ ಅವಳು ಹೋಗಲಿಲ್ಲ. ಬೆಕ್ಕಿನ ಮಾತು ಆಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಅಲ್ಲದೆ ಸ್ವಂತ ಸೋದರತ್ತೆ ಮನೆ ಮಗುವಿಗೆ ಬೇಡ ಅನ್ನುತ್ತಾಳೆಯೇ!

ಅಂದಳು. ಉಪದೇಶಕರು ಬೆಂಚಿನ ಸಾಲಿನಲ್ಲಿ ಬಗ್ಗಿ ಬಗ್ಗಿ ಪಿಸುಮಾತಿನಲ್ಲಿ ಒಪ್ಪಿಗೆ ಕೇಳುತ್ತಾ ಬಂದರು. ಎಲ್ಲ ಹೂಂ, ಹೂಂ. ಮಾಟಿ ಅತ್ತೆಯ ಹತ್ತಿರ ಬಂದಾಗ ಅವಳು ಪಿಸುಗುಟ್ಟಲೂ ಇಲ್ಲ.

"ನಾನು ಒಪ್ಪಲ್ಲ. ತಾನೇ ತಿರುಗೋದು ನಂಗೆ ಬೇಡ."

ಇಷ್ಟೇ. ಸಭೆ ಎದ್ದಿತು. ಹಲಗೆಗಳು ವಾರವಿಡೀ ಹಗ್ಗ ಕಟ್ಟಿಸಿಕೊಂಡು ದಕ್ಷಿಣ ನೋಡುತ್ತಾ ನಿಂತವು. ಪೂರ್ವದಿಂದ ಬೀಳುವ ಒಳ್ಳೆಯ ಬೆಳಗಿನ ಬಿಸಿಲು ದಿನಾ ಹಲಗೆಗಳ ಪಕ್ಕೆ ಸವರಿಕೊಂಡು ಹೋಗಿ ಹಾಳಾಯಿತು. ಹಗಲು ಮೊಟಕಾಗುತ್ತಾ ಬಂತು. ಒಂದು ಬೆಳಿಗ್ಗೆ ಐವಾ ಶಾಲೆಯ ಬುಟ್ಟಿ ಎತ್ತಿಕೊಳ್ಳಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಮೆಮ್, ಕಾಲು ಬರ್ತಿಲ್ಲ," ಅಂತ ತಾಯಿಯನ್ನು ಕೂಗಿದಳು. ಸಲೋಮ ಅವಳ ಗಲ್ಲ ಎತ್ತಿ ನೋಡಿದಳು. ಆಮೇಲೆ ಮಗುವನ್ನು ಆಟ್ಲೀಯ ಕೈಗೆ ಹಾಕಿ, ಟೋಪಿಯ ದಾರವನ್ನೂ ಕಟ್ಟಿಕೊಳ್ಳದೆ, ರಸ್ತೆ ದಾಟಿದಳು.

ಮಾಟಿ ಅತ್ತೆ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಾ ಕೂತಿದ್ದಳು.

"ನಿಮಗೆ ಕಣ್ಣಿದೆಯಾ?" ಬಾಗಿಲಲ್ಲೇ ಶುರುಮಾಡಿದಳು ಸಲೋಮ. "ಬಂದು ನೋಡಿ, ಮಗು ಕಣ್ಣು ಹೇಗಾಗಿದೆ ಅಂತ. ಭಾನುವಾರ ಅಂತೆ ಭಾನುವಾರ! ನಿಮ್ಮ ಒಂದು ಮಾತಿಗೆ ನನ್ನ ಮಗಳು ಮೆಟ್ಟಿಲು ಇಳೀಲಾರದೆ ಕೂತಿದ್ದಾಳೆ. ಮಕ್ಕಳಿಲ್ಲದವರಿಗೆ ಇದು ಹೇಗೆ ಗೊತ್ತಾಗ್ಬೇಕು?"

ಆ ಕೊನೆಯ ಮಾತು ಬಾಯಿಂದ ಹೊರಬಿದ್ದದ್ದೇ ಅವಳಿಗೇ ಕೆಟ್ಟದ್ದು ಅನ್ನಿಸಿತು. ಆದರೆ ಸಿಟ್ಟು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಡಲಿಲ್ಲ.

ಮಾಟಿ ಅತ್ತೆ ಚಾಕು ಕೆಳಗಿಟ್ಟಳು. "ಒಳಗೆ ಬಾ," ಅಂದಳು. "ಬಾಗಿಲು ಹಾಕ್ಕೊಂಡು ಬಾ, ನೊಣ ಬರುತ್ತೆ."

ನಡುಮನೆಯ ಮೂಲೆಯಲ್ಲಿ ಓಕ್ ಮರದ ಒಂದು ದೊಡ್ಡ ತೊಟ್ಟಿಲು. ಅದರ ತುಂಬ ಸೇಬು. ಮಾಟಿ ಅತ್ತೆ ತೋರಿಸಿದ್ದು ತೊಟ್ಟಿಲನ್ನಲ್ಲ, ನೆಲವನ್ನು. ಪೂರ್ವದ ಕಿಟಕಿಯಿಂದ ಅಡುಗೆಮನೆಯ ದಕ್ಷಿಣದ ಕಿಟಕಿಗೆ, ಅಲ್ಲಿಂದ ಪಶ್ಚಿಮದ ಕಿಟಕಿಗೆ, ಹಲಗೆ ನೆಲದಲ್ಲಿ ಎರಡು ಗೀರುಗಳು ಜೊತೆಯಾಗಿ ಹೋಗಿದ್ದವು. ಬೆರಳಿಟ್ಟರೆ ಮುಳುಗುವಷ್ಟು ಆಳ. ಸಲೋಮ ಈ ಮನೆಗೆ ಎಷ್ಟು ಸಲ ಬಂದಿಲ್ಲ! ಯಾವಾಗಲೂ ಚಾಪೆ ಹಾಸಿರುತ್ತಿತ್ತು.

"ಎನೋಸ್ ಅಂತ ಹೆಸರಿಟ್ಟಿದ್ದೆ," ಅಂದಳು ಮಾಟಿ ಅತ್ತೆ. "ನಿನ್ನ ಗಂಡ ಹುಟ್ಟೋಕೆ ಮುಂಚೆ. ಆಗ ನೀಲಿ ದೀಪ ಎಲ್ಲಿತ್ತು? ಬಿಸಿಲಿಗೆ ಹಾಕಿ ಅಂದ್ರು ಡಾಕ್ಟ್ರು. ಹಾಕ್ದೆ. ಬೆಳಿಗ್ಗೆ ಈ ಕಿಟಕಿ, ಮಧ್ಯಾಹ್ನ ಅಲ್ಲಿ, ಸಂಜೆ ಆ ಕಡೆ. ಗಂಡ ಕಾಡಲ್ಲಿ ಮರ ಕಡಿಯೋಕೆ ಹೋಗ್ತಿದ್ದ. ಈ ತೊಟ್ಟಿಲು ಒಬ್ಬಳ ಕೈಯಲ್ಲಿ ಎತ್ತೋಕಾಗಲ್ಲ. ಎಳೀತಿದ್ದೆ. ಭಾನುವಾರನೂ ಎಳೀತಿದ್ದೆ."

ಸಲೋಮ ಬಗ್ಗಿ ಒಂದು ಗೀರಿನೊಳಗೆ ಬೆರಳಿಟ್ಟಳು.

"ಸಭೆಗೆ ಯಾಕೆ ಬರ್ಲಿಲ್ಲ ಅಂತ ಕೇಳೋಕೆ ಜನ ಬಂದ್ರು. ಒಂದು ಸಲ ಅಲ್ಲ, ಮೂರ್ನಾಲ್ಕು ಸಲ ಬಂದ್ರು. ಇಲ್ಲೇ ಕೂತು ಕಾಫಿ ಕುಡಿದ್ರು. ತೊಟ್ಟಿಲಿನ ಇನ್ನೊಂದು ತುದಿ ಹಿಡಿಯೋಕೆ ಒಬ್ರೂ ಬರ್ಲಿಲ್ಲ ಕಣೇ. ಎರಡು ಚಳಿಗಾಲ ದಾಟಿಸ್ದೆ. ಮೂರನೇದು ಆಗ್ಲಿಲ್ಲ."

ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ಅದೂ ನಿಧಾನದ ಹೊತ್ತೇ. ಸಲೋಮಳಿಗೆ ಅಳು ಬಂತು, ಅಳುವಿನ ಜೊತೆಗೇ ಸಿಟ್ಟೂ ಬಂತು.

"ಅಯ್ಯೋ ದೇವರೇ, ಇಷ್ಟೆಲ್ಲ ಗೊತ್ತಿದ್ದೂ ನನಗೆ ಅಡ್ಡ ಬಂದ್ರಾ? ಊರಲ್ಲಿ ಬೇರೆ ಯಾರು ಬೇಡ ಅಂದಿದ್ರೂ ತಡ್ಕೋತಿದ್ದೆ. ನೀವು!"

"ಗೊತ್ತಿದ್ದಕ್ಕೇ ಬೇಡ ಅಂದೆ. ಅದು ತಾನಾಗಿ ತಿರುಗುತ್ತೆ, ಯಾರೂ ಬರೋದು ಬೇಡ ಅನ್ನುತ್ತೆ. ಬರದೇ ಇರೋದು ನಮ್ಮ ಜನಕ್ಕೆ ಮೊದ್ಲೇ ಚೆನ್ನಾಗಿ ಗೊತ್ತು, ನೀನು ಅದಕ್ಕೆ ಮೋಟಾರು ಬೇರೆ ಕೂರಿಸ್ದೆ. ಸಭೆಯಲ್ಲಿ ಹೂಂ ಅಂದ್ರಲ್ಲ ಎಲ್ರೂ, ಒಬ್ರಾದ್ರೂ ಆಮೇಲೆ ಬಂದು ಮಗು ಹೇಗಿದೆ ಅಂತ ಕೇಳಿದ್ರಾ? ಹೂಂ ಅಂದ್ರು, ಮನೆಗೆ ಹೋದ್ರು. ಹಿಮದಲ್ಲಿ ಆ ಮೋಟಾರು ಹೆಪ್ಪುಗಟ್ಟಿದ ದಿನ ರೇಬರ್ ಮನೆಯಲ್ಲೊಂದು ಮಗು ಇದೆ ಅಂತ ಯಾರಿಗೆ ನೆನಪಿರುತ್ತೆ?"

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ? ನಾಯಿ, ಕುದುರೆ, ಭಾನುವಾರ ಅಂತ ಸುತ್ತಿ ಬಳಸಿ..."

"ಊರೆಲ್ಲ ಸುತ್ತಿದೆ, ನನ್ನ ಮನೆಗೆ ಬಂದ್ಯಾ ನೀನು?" ಅಂದಳು ಮಾಟಿ ಅತ್ತೆ. "ಅದೂ ಅಲ್ದೆ, ಪ್ರಾರ್ಥನೆಯಲ್ಲಿ ಗುರ್ ಅಂದಿದ್ದು ನಿಜ ತಾನೇ. ಮೋಟಾರು ತೆಗೆಸು, ಕೈ ಚಕ್ರ ಇಡಿಸು. ಭಾನುವಾರನೂ ಹಾಲು ಕರೆಯೋ ಹಾಗೆ ಅದೂ ಒಂದು ಕೈಕೆಲಸ ಆಗ್ಲಿ, ಮನೆಗೊಂದು ಪಾಳಿ ಹಾಕ್ಲಿ. ಹೂಂ ಅಂದೋರೆಲ್ಲ ಬಂದು ತಿರುಗಿಸ್ಲಿ. ಆಗ ಒಪ್ತೀನಿ."

ಸಲೋಮ ಮೂಗು ಒರೆಸಿಕೊಂಡಳು. ಇಂಥ ಮುದುಕಿಯ ಜೊತೆ ಏನು ಮಾತಾಡುವುದು? "ಮಕ್ಕಳಿಲ್ಲದವರು ಅಂದಿದ್ದು ತಪ್ಪಾಯ್ತು," ಅಂದಳು.

"ಆಯ್ತು. ಬಂದಿದ್ದೀಯಲ್ಲ, ಆ ತುದಿ ಹಿಡಿ. ಸೇಬಿನ ಮೇಲೆ ಬಿಸಿಲು ಬೀಳ್ತಿದೆ, ಕೆಟ್ಟು ಹೋಗುತ್ತೆ."

ಇಬ್ಬರೂ ತೊಟ್ಟಿಲನ್ನು ಎತ್ತಿ ನೆರಳಿಗೆ ಇಟ್ಟರು. ಸಲೋಮಳಿಗೆ ಸೊಂಟ ಹಿಡಿದುಕೊಂಡಿತು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಸಭೆ ಮತ್ತೆ ಸೇರಿ ಒಪ್ಪಿತು. ಬ್ರೆಂಟ್ ಬಂದು, ಮನೆಯವರು ಸತ್ತವನ ಹಾಗೆ ಮುಖ ಮಾಡಿಕೊಂಡು ತನ್ನ ಮೋಟಾರು ಬಿಚ್ಚಿದ. "ಇಷ್ಟು ಚೆನ್ನಾಗಿ ಓಡ್ತಿರೋದನ್ನ ಯಾರಾದ್ರೂ ತೆಗೆಸ್ತಾರಾ?" ಅಂದ. ಆಟ್ಲೀ ಕಂಬಕ್ಕೆ ಗಾಡಿಯ ಚಕ್ರವೊಂದನ್ನು ಅಡ್ಡಕ್ಕೆ ಕೂರಿಸಿ, ಹಿಡಿಕೆ ಇಟ್ಟು, ಗಾಳಿಗೆ ಅಲುಗದ ಹಾಗೆ ಬ್ರೇಕ್ ಜೋಡಿಸಿದ. ಹಲಗೆಯ ಅಂಚಿಗೆ ಒಂದು ಮೊಳೆ ಹೊಡೆದ. ಮೊಳೆಯ ನೆರಳು ಎಡಕ್ಕೂ ಬಲಕ್ಕೂ ಚಾಚದೆ ನೇರ ಕೆಳಗೆ ಬೀಳುವವರೆಗೆ ಚಕ್ರ ತಿರುಗಿಸಬೇಕು. ಗಡಿಯಾರದ ಗೊಡವೆಯೇ ಬೇಡ.

ಇನ್ನಾದರೂ ಸಲೋಮಳಿಗೆ ನೆಮ್ಮದಿ ಸಿಕ್ಕಿತೇ? ಎಲ್ಲಿಯ ನೆಮ್ಮದಿ! ಅಂಗಳ ಸಂತೆಯಾಯಿತು. ಪಾಳಿಯವರು ಬರುತ್ತಾರೆ, ಪಾಳಿ ಇಲ್ಲದವರೂ ದಾರಿಯಲ್ಲಿ ಹೋಗುತ್ತಾ ಗಾಡಿ ನಿಲ್ಲಿಸಿ ಬರುತ್ತಾರೆ. ಒಬ್ಬರು ನಿಲ್ಲಿಸಿದ್ದು ಇನ್ನೊಬ್ಬರಿಗೆ ಸರಿ ಕಾಣುವುದಿಲ್ಲ. ಬಂದವರಿಗೆಲ್ಲ ಕಾಫಿ ಆಗಬೇಕು. ಒರೆಸಿದ ನೆಲದ ಮೇಲೆ ಕೆಸರಿನ ಬೂಟು. ಹಿಮ ಬಿದ್ದರೆ ಪೊರಕೆ ಹಿಡಿದು ನಾಲ್ಕು ಜನ ಒಟ್ಟಿಗೆ ಬಂದು ಒಬ್ಬರ ಮೇಲೊಬ್ಬರು ಹಿಮ ಗುಡಿಸುತ್ತಾರೆ. ಹೋಗುವಾಗ ಎಲ್ಲರೂ ತಪ್ಪದೆ ಐವಾಳ ಗಲ್ಲ ಎತ್ತಿ, ಕಿಟಕಿಗೆ ತಿರುಗಿಸಿ, ಕಣ್ಣು ನೋಡಿ ಹೋಗುತ್ತಾರೆ.

"ಮೆಮ್, ನಾನೇನು ಮಾರೋ ಕುದುರೇನಾ?" ಅಂತ ಐವಾ ಕಾಲು ಅಪ್ಪಳಿಸಿದಳು. ಅಪ್ಪಳಿಸುವಷ್ಟು ಕಾಲು ಬಂದಿತ್ತು. ಸಲೋಮ ಅದನ್ನು ಗಮನಿಸಿದಳು, ಆದರೂ ಸುಮ್ಮನಿರು ಅಂತ ಗದರಿದಳು.

ಚಳಿಗಾಲದ ನಟ್ಟನಡುವೆ, ಸರದಿಯ ಮನೆಯವರಿಗೆ ಜ್ವರ ಬಂದು, ಸಭೆ ಮತ್ತೆ ರೇಬರ್ ಮನೆಗೇ ಬಂತು. ವಾರದಿಂದ ಮುಸುಕಿದ್ದ ಮೋಡ ಆ ಭಾನುವಾರ ಹರಿದು, ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು ಬಿದ್ದಿತ್ತು. ಸಲೋಮ ಸಭೆಗೆ ಮುಂಚೆ ತಾನೇ ಹೋಗಿ ಮೊಳೆಯ ನೆರಳು ನೋಡಿ ಹಲಗೆ ನಿಲ್ಲಿಸಿ ಬಂದಿದ್ದಳು. ರೋಮನ್ ದೊಡ್ಡ ಉಪದೇಶ ಶುರುಮಾಡಿ, ಜಲಪ್ರಳಯ ದಾಟಿ, ಅಬ್ರಹಾಮನವರೆಗೆ ಬಂದಿದ್ದರು. ಆಗ ಬೆಂಚು ಕಿರುಗುಟ್ಟಿತು. ಮಾಟಿ ಅತ್ತೆ ಎದ್ದಳು. ಕೋಲು ಊರಿಕೊಂಡು, ಹತ್ತಾರು ಮೊಣಕಾಲುಗಳನ್ನು ದಾಟಿಕೊಂಡು, ಬಾಗಿಲು ತೆರೆದು ಹೋದಳು. ತಣ್ಣನೆ ಗಾಳಿ ಒಳಗೆ ನುಗ್ಗಿತು.

ಹೊರಗೆ ಚಕ್ರ ಕಿರ್‌ರ್ರೋ ಅಂತ ಕೂಗಿಕೊಂಡಿತು. ಮೋಟಾರಿನ ಗುರ್ ಅದರ ಮುಂದೆ ಏನೇನೂ ಅಲ್ಲ. ಕುದುರೆಗಳು ಕೆನೆದವು. ರೋಮನ್ ಮಾತು ನಿಲ್ಲಿಸಿದರು, ಕೈ ಕಟ್ಟಿಕೊಂಡು ನಿಂತು ಕಾದರು. ಸಭೆಯೆಲ್ಲ ಕಾದಿತು. ಒಬ್ಬ ಹುಡುಗನೂ ನಗಲಿಲ್ಲ. ಸಲೋಮಳ ಪಕ್ಕದಲ್ಲಿ ಐವಾ ಆ ಸದ್ದಿನ ಕಡೆ ತಲೆ ತಿರುಗಿಸಿದಳು. ಕಿಟಕಿಯ ಬಿಸಿಲು ನೇರ ಅವಳ ಮುಖದ ಮೇಲೆ ಬಿತ್ತು. ಕಣ್ಣುಗಳು ಬೆಳ್ಳಗಿದ್ದವು.

ಮಾಟಿ ಅತ್ತೆ ಬೂಟಿನ ಹಿಮ ಕೊಡವಿಕೊಂಡು ಒಳಬಂದಳು. ತನ್ನ ಜಾಗಕ್ಕೆ ಹೋಗದೆ, ಹತ್ತಿರವಿದ್ದ ಸಲೋಮಳ ಬೆಂಚಿನ ತುದಿಗೆ ಬಂದು ನಿಂತಳು. ಎಲ್ಲರಿಗೂ ಕೇಳುವಂಥ ಪಿಸುಮಾತಿನಲ್ಲಿ, "ಓರೆಯಾಗಿ ನಿಲ್ಲಿಸಿದ್ದೆ ನೀನು," ಅಂದಳು.

ಓರೆಯೇ! ತಾನು ಮೊಳೆ ನೋಡಿ ನೇರ ನಿಲ್ಲಿಸಿದ್ದು, ಆಮೇಲೆ ಸರಿದದ್ದು ಸೂರ್ಯ. ಹೇಳಿಬಿಡಬೇಕು ಅಂತ ಸಲೋಮಳ ನಾಲಿಗೆ ತುದಿಯವರೆಗೆ ಬಂತು. ಮುದುಕಿಯ ಕೈಗಳು ಚಳಿಗೆ ಕೆಂಪಾಗಿದ್ದವು. ಸಲೋಮ ಐವಾಳನ್ನು ಮಡಿಲಿಗೆ ಎಳೆದುಕೊಂಡು, ಸರಿದು ಜಾಗ ಕೊಟ್ಟಳು. ರೋಮನ್ ಅಬ್ರಹಾಮನನ್ನು ಬಿಟ್ಟಲ್ಲಿಂದ ಮುಂದುವರಿಸಿದರು.